ಕಾರಣವೂ ಕಳಂಕವೂ: ಇಚ್ಚಿತ್ತವಿಕಲತೆಯ ಜೈವಿಕ ವಿವರಣೆಗಳ ಒಂದು ವಿಮರ್ಶೆ

ದಶಲಕ್ಷಣ ಪರ್ವದ ಒಂದು ದಿನ, ಉತ್ತಮ ಸತ್ಯವನ್ನು ಕುರಿತ ಪ್ರವಚನ ಮುಗಿದು ಜನ ಚದುರುತ್ತಿದ್ದಾಗ, ಧಾರವಾಡದ ಬಸದಿಯೊಂದರ ಅಂಗಳದಲ್ಲಿ ಬಹುಕಾಲದ ಪರಿಚಯದ ಶ್ರಾವಕರೊಬ್ಬರು ನನ್ನನ್ನು ಕಂಬದ ಮರೆಗೆ ಕರೆದರು. ಅವರ ಮಗ ಕಾಲೇಜಿನಲ್ಲಿ ಓದುತ್ತಿದ್ದಾಗ ಓದನ್ನು ಬಿಟ್ಟು ಕೋಣೆ ಸೇರಿದ್ದನು; ಬೀದಿಯಲ್ಲಿ ಹೋಗುವವರೆಲ್ಲ ತನ್ನ ಮನಸ್ಸಿನ ಮಾತನ್ನು ಕೇಳಿಸಿಕೊಳ್ಳುತ್ತಿದ್ದಾರೆ ಎನ್ನತೊಡಗಿದ್ದನು. ವೈದ್ಯರು ಅದನ್ನು ಸ್ಕಿಝೋಫ್ರೇನಿಯಾ ಎಂದರು. ಈಗ ಅವನು ನಿಯಮಿತವಾಗಿ ಔಷಧ ಸೇವಿಸುತ್ತ ಅಂಗಡಿಯ ಲೆಕ್ಕಪತ್ರ ನೋಡಿಕೊಂಡಿದ್ದಾನೆ. ಆದರೆ ಅಂದಿನ ತಂದೆಯ ಅಳಲು ಮಗನನ್ನು ಕುರಿತದ್ದಾಗಿರಲಿಲ್ಲ, ಮಗಳನ್ನು ಕುರಿತದ್ದಾಗಿತ್ತು. ಕೂಡಿಬಂದಿದ್ದ ಅವಳ ಸಂಬಂಧವು ಅಣ್ಣನ ಸಂಗತಿ ಗಂಡಿನ ಕಡೆಯವರ ಕಿವಿಗೆ ಬಿದ್ದೊಡನೆ ಮುರಿದುಬಿದ್ದಿತ್ತು. “ಮಾಸ್ತರ, ಇದು ನಮ್ಮ ಮನಿತನದ ರಕ್ತದಾಗ ಐತೇನ್ರಿ? ಇಲ್ಲಾ, ನಾವು ಹಿಂದ ಏನರ ಪಾಪ ಮಾಡೀವೇನ್ರಿ? ಇವರವ್ವ ಅಂತೂ, ನಾನ ಹುಡುಗನ್ನ ಸರಿಯಾಗಿ ಬೆಳಸಲಿಲ್ಲ ಅಂತ ದಿನಾ ಅಳತಾಳ್ರಿ” ಎಂದರು.

ಆ ಒಂದು ಉಸಿರಿನ ಮಾತಿನಲ್ಲಿ ಮೂರು ಕಾರಣಗಳು ಅಡಗಿದ್ದವು: ರಕ್ತ, ಪಾಪ, ತಾಯಿಯ ಸಾಕಣೆ. ಮೂರೂ ಕಾರಣದ ವೇಷದಲ್ಲಿ ಬಂದ ಆರೋಪಗಳೇ ಆಗಿದ್ದವು. ಇಂದು ವಿದ್ಯಾವಂತರ ಮನೆಗಳಲ್ಲಿ ಮೊದಲನೆಯ ಕಾರಣವೇ ಬಲವಾಗಿ ಕೇಳಿಬರುತ್ತಿದೆ. “ಮಿದುಳಿನ ರಾಸಾಯನಿಕದ ಏರುಪೇರು”, “ಜೀನಿನ ದೋಷ” ಎಂಬ ಮಾತುಗಳು ಆರೋಗ್ಯದ ಅಂಕಣಗಳಿಂದ ನಮ್ಮ ಪಡಸಾಲೆಗೆ ಬಂದು ನೆಲೆಸಿವೆ. ಈ ಜೈವಿಕ ವಿವರಣೆಯಲ್ಲಿ ಸತ್ಯಾಂಶವೆಷ್ಟು, ಅದು ಎಲ್ಲಿ ತನ್ನ ಎಲ್ಲೆಯನ್ನು ಮೀರುತ್ತದೆ, ಮೀರಿದಾಗ ಯಾರಿಗೆ ಪೆಟ್ಟಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರು ಮತ್ತು ಲಕ್ಷಣ

ಜರ್ಮನಿಯ ವೈದ್ಯ ಎಮಿಲ್ ಕ್ರೇಪೆಲಿನ್ 19ನೆಯ ಶತಮಾನದ ಕೊನೆಯಲ್ಲಿ ಈ ರೋಗವನ್ನು ಎಳೆಯ ವಯಸ್ಸಿನಲ್ಲೇ ಬರುವ ಬುದ್ಧಿಕ್ಷಯವೆಂದು ವರ್ಣಿಸಿದ್ದನು. ಅದು ಎಲ್ಲರಲ್ಲೂ ಬುದ್ಧಿಕ್ಷಯದಲ್ಲಿ ಕೊನೆಗೊಳ್ಳುವುದಿಲ್ಲವೆಂದು ಕಂಡ ಸ್ವಿಟ್ಜರ್ಲೆಂಡಿನ ಆಯ್ಗನ್ ಬ್ಲಾಯ್ಲರ್ 1908ರಲ್ಲಿ ‘ಸ್ಕಿಝೋಫ್ರೇನಿಯಾ’ ಎಂಬ ಹೆಸರನ್ನು ಬಳಕೆಗೆ ತಂದನು. ಗ್ರೀಕ್ ಮೂಲದ ಈ ಪದಕ್ಕೆ ‘ಸೀಳಿದ ಮನಸ್ಸು’ ಎಂದರ್ಥ. ನಮ್ಮ ವೈದ್ಯಲೇಖಕರು ಇದನ್ನೇ ಅನುಸರಿಸಿ ‘ಇಚ್ಚಿತ್ತವಿಕಲತೆ’ ಎಂದರು. ಎರಡೂ ಹೆಸರುಗಳು ಜನರಲ್ಲಿ ಒಂದು ತಪ್ಪು ಕಲ್ಪನೆಯನ್ನು ಹುಟ್ಟಿಸಿವೆ. ರೋಗಿಯೊಳಗೆ ಇಬ್ಬರು ಮನುಷ್ಯರಿರುವುದಿಲ್ಲ. ಆಲೋಚನೆ, ಭಾವನೆ, ಅನುಭವ ಇವುಗಳ ನಡುವಣ ಹೊಂದಾಣಿಕೆ ಸಡಿಲವಾಗುತ್ತದೆ; ಇಲ್ಲದ ದನಿಗಳು ಕೇಳುತ್ತವೆ; ಆಧಾರವಿಲ್ಲದ ಶಂಕೆ ದೃಢವಾದ ನಂಬಿಕೆಯಾಗುತ್ತದೆ; ಉತ್ಸಾಹ ಬತ್ತಿ ಮಾತು ಕಡಿಮೆಯಾಗುತ್ತದೆ. ಹೆಸರೇ ಕಳಂಕಕ್ಕೆ ಎಡೆಗೊಡುತ್ತದೆಂದು ಅರಿತ ಜಪಾನಿನ ಮನೋವೈದ್ಯರು 2002ರಲ್ಲಿ ತಮ್ಮ ಭಾಷೆಯಲ್ಲಿ ಈ ರೋಗದ ಹೆಸರನ್ನೇ ಬದಲಿಸಿದರು. ರೋಗವು ಬಹುಮಟ್ಟಿಗೆ ಹದಿಹರೆಯದ ಕೊನೆಯಿಂದ ಮೂವತ್ತರ ಒಳಗೆ, ಎಂದರೆ ಓದು, ಉದ್ಯೋಗ, ಮದುವೆ ಎಂಬ ಮೂರು ಹೊಸ್ತಿಲುಗಳ ಮೇಲೆಯೇ ಕಾಣಿಸಿಕೊಳ್ಳುತ್ತದೆ. ಆದುದರಿಂದಲೇ ಅದು ಒಬ್ಬನ ರೋಗವಾಗಿ ಉಳಿಯದೆ ಇಡೀ ಮನೆಯ ಸಂಕಟವಾಗುತ್ತದೆ.

‘ಕಾರಣ’ದ ಅಂಕಣ

ಧಾರವಾಡದವರಿಗೆ ಈ ಸಂಕಟ ಹೊಸದಲ್ಲ. ಊರು ಮುಂಬಯಿ ಪ್ರಾಂತದ ಆಡಳಿತದಲ್ಲಿದ್ದಾಗ, 1845ರಲ್ಲಿ ಇಲ್ಲಿ ಹುಚ್ಚರ ಆಸ್ಪತ್ರೆ ಆರಂಭವಾಯಿತು. ಅದೇ ಮುಂದೆ ಕರ್ನಾಟಕ ಮಾನಸಿಕ ಆರೋಗ್ಯ ಸಂಸ್ಥೆಯಾಗಿ, ಈಗ ಡಿಮ್ಹಾನ್ಸ್ ಎಂದು ಹೆಸರಾದ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ ಬೆಳೆದು ನಿಂತಿದೆ. ಆದರೂ ಹಳಬರ ಬಾಯಲ್ಲಿ ಅದಿನ್ನೂ “ಹುಚ್ಚರ ದವಾಖಾನೆ”ಯೇ.

ಬ್ರಿಟಿಷರ ಕಾಲದ ಇಂಥ ಆಸ್ಪತ್ರೆಗಳಲ್ಲಿ ದಾಖಲಾದ ರೋಗಿಯ ಹೆಸರು, ಜಾತಿ, ಕಸಬುಗಳೊಂದಿಗೆ ಹುಚ್ಚಿನ ‘ಕಾರಣ’ವನ್ನೂ ಬರೆಯುವ ಪದ್ಧತಿಯಿತ್ತು. ಆ ಕಾರಣವನ್ನು ತುಂಬುತ್ತಿದ್ದವರು ಎಷ್ಟೋ ವೇಳೆ ರೋಗಿಯನ್ನು ಹಿಡಿದು ತಂದ ಪೊಲೀಸರು. ಬೇರೇನೂ ತಿಳಿಯದಿದ್ದಲ್ಲಿ ‘ಗಾಂಜಾ’ ಎಂದು ಬರೆದುಬಿಡುವುದು ಸುಲಭವಾಗಿತ್ತು. 1893–94ರಲ್ಲಿ ಬ್ರಿಟಿಷ್ ಸರಕಾರವು ನೇಮಿಸಿದ್ದ ಗಾಂಜಾ ವಿಚಾರಣಾ ಆಯೋಗವು ದೇಶದ ಹುಚ್ಚಾಸ್ಪತ್ರೆಗಳಲ್ಲಿ 1892ರಲ್ಲಿ ಸೇರಿದ್ದ ರೋಗಿಗಳ ಪ್ರಕರಣಗಳನ್ನು ಒಂದೊಂದಾಗಿ ಮರುವಿಚಾರಣೆ ಮಾಡಿತು. ಗಾಂಜಾ ಕಾರಣವೆಂದು ಬರೆದಿದ್ದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಗಾಂಜಾ ನಿರಪರಾಧಿಯೆಂದು ಇದರಿಂದ ಸಿದ್ಧವಾಗುವುದಿಲ್ಲ. ಎಳೆಯ ವಯಸ್ಸಿನಲ್ಲಿ ಅದರ ಅತಿಸೇವನೆಯು ಈ ರೋಗದ ಅಪಾಯವನ್ನು ಹೆಚ್ಚಿಸುತ್ತದೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಇಲ್ಲಿ ಗಮನಿಸಬೇಕಾದುದು ಬೇರೆ: ಖಾಲಿ ಅಂಕಣವನ್ನು ಕಂಡರೆ ಅಧಿಕಾರದಲ್ಲಿರುವವನ ಕೈ ತಡೆಯುವುದಿಲ್ಲ. ಅಂದು ಪೊಲೀಸರು ಬರೆದರು. ಇಂದು ನೆರೆಯವರು, ಬೀಗರು, ಕೆಲವೊಮ್ಮೆ ಪ್ರವಚನಕಾರರು ಬರೆಯುತ್ತಾರೆ.

ಸರ್ಪಗಂಧದಿಂದ ಡೋಪಮೈನ್‌ವರೆಗೆ

ಜೈವಿಕ ವಿವರಣೆಯು ಪಶ್ಚಿಮದಿಂದ ಬಂದ ವಸ್ತುವೆಂದು ಭಾವಿಸುವವರುಂಟು. ಇದು ಸರಿಯಲ್ಲ. ಚರಕಸಂಹಿತೆಯು ಉನ್ಮಾದವನ್ನು ವಾತ, ಪಿತ್ತ, ಕಫ, ಸನ್ನಿಪಾತ, ಆಗಂತುಕ ಎಂದು ಐದಾಗಿ ವಿಂಗಡಿಸಿ, ಮೊದಲ ನಾಲ್ಕನ್ನು ದೇಹದ ದೋಷಗಳಲ್ಲೇ ಹುಡುಕುತ್ತದೆ. ಆಧುನಿಕ ವಿವರಣೆಗೂ ನಮ್ಮ ಮಣ್ಣಿನ ಒಂದು ಬೇರು ನೆರವಾಗಿದೆ. 1931ರಲ್ಲಿ ಕಲ್ಕತ್ತೆಯ ವೈದ್ಯರಾದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಸರ್ಪಗಂಧದ ಬೇರು ಏರಿದ ರಕ್ತದೊತ್ತಡವನ್ನೂ ಉದ್ರೇಕದ ಉನ್ಮಾದವನ್ನೂ ಶಮನಗೊಳಿಸುತ್ತದೆಂದು ಪ್ರಕಟಿಸಿದರು. ಅದರಿಂದ ಬೇರ್ಪಡಿಸಿದ ರಿಸರ್ಪೀನ್ ಎಂಬ ಸಾರವು 1950ರ ದಶಕದಲ್ಲಿ ಜಗತ್ತಿನ ಮಾನಸಿಕ ಆಸ್ಪತ್ರೆಗಳಲ್ಲಿ ಬಳಕೆಗೆ ಬಂದಿತು. ಅದೇ ಸುಮಾರಿಗೆ, 1952ರಲ್ಲಿ, ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಝೈನ್ ಎಂಬ ಔಷಧದ ಗುಣವನ್ನು ಕಂಡುಕೊಂಡರು. ಸರಪಳಿ, ಕತ್ತಲೆಕೋಣೆಗಳ ಬದಲು ಗುಳಿಗೆ ಬಂದುದು ಆಗ.

ಔಷಧ ಮೊದಲು ದೊರೆಯಿತು. ಅದು ಏಕೆ ಕೆಲಸ ಮಾಡುತ್ತದೆಂಬ ತಿಳಿವಳಿಕೆ ಆಮೇಲೆ ಬಂದಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರು 1950ರ ದಶಕದ ಕೊನೆಗೆ ಡೋಪಮೈನ್ ಎಂಬ ವಸ್ತುವು ಮಿದುಳಿನಲ್ಲಿ ಸಂದೇಶವಾಹಕವಾಗಿದೆಯೆಂದೂ ರಿಸರ್ಪೀನ್ ಅದನ್ನು ಬರಿದುಮಾಡುತ್ತದೆಂದೂ ತೋರಿಸಿದರು. ಈ ಸಂಶೋಧನೆಗಾಗಿ 2000ದಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಕ್ಲೋರ್‌ಪ್ರೊಮಝೈನಿನಂಥ ಔಷಧಗಳು ಡೋಪಮೈನನ್ನು ಬರಮಾಡಿಕೊಳ್ಳುವ ಗ್ರಾಹಿಗಳನ್ನು ಮುಚ್ಚುತ್ತವೆಂದು ಮುಂದೆ ಸ್ಪಷ್ಟವಾಯಿತು. ಡೋಪಮೈನನ್ನು ಹೆಚ್ಚಿಸುವ ಆಂಫೆಟಮಿನ್ ಸೇವಿಸಿದವರಲ್ಲಿ ಇದೇ ಬಗೆಯ ಶಂಕೆ, ಭ್ರಮೆಗಳು ತಲೆದೋರುವುದೂ ಕಂಡುಬಂದಿತು. ಡೋಪಮೈನ್ ಹೆಚ್ಚಾಗುವುದೇ ಸ್ಕಿಝೋಫ್ರೇನಿಯಾದ ಕಾರಣವೆಂಬ ಸಿದ್ಧಾಂತ ಹೀಗೆ ಹುಟ್ಟಿತು.

ಈ ತರ್ಕದಲ್ಲಿ ಒಂದು ಬಿರುಕಿದೆ. ಬಣವೆಗೆ ಬಿದ್ದ ಬೆಂಕಿಯನ್ನು ನೀರೆರಚಿ ಆರಿಸಬಹುದು. ಅಷ್ಟರಿಂದ ನೀರಿನ ಕೊರತೆಯೇ ಬೆಂಕಿಗೆ ಕಾರಣವೆಂದು ಹೇಳಲಾಗದು. ಮದ್ದಿನ ಕೆಲಸದಿಂದ ರೋಗದ ಮೂಲವನ್ನು ಊಹಿಸುವುದಕ್ಕೆ ಮಿತಿಯಿದೆ. ಡೋಪಮೈನ್ ಗ್ರಾಹಿಯನ್ನು ಬಲವಾಗಿ ಮುಚ್ಚದ ಕ್ಲೋಝಪಿನ್ ಎಂಬ ಔಷಧವು, ಬೇರೆ ಯಾವುದಕ್ಕೂ ಬಗ್ಗದ ರೋಗಿಗಳಲ್ಲಿ ಗುಣ ಕೊಡುತ್ತದೆಂದು 1988ರಲ್ಲಿ ಸಿದ್ಧವಾಯಿತು. 2024ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆದ ಹೊಸ ಔಷಧವೊಂದು ಡೋಪಮೈನ್ ಗ್ರಾಹಿಯನ್ನು ಮುಟ್ಟದೆ, ಮಸ್ಕರಿನಿಕ್ ಎಂಬ ಬೇರೆಯೇ ಗ್ರಾಹಿಗಳ ಮೂಲಕ ಕೆಲಸ ಮಾಡುತ್ತದೆ. ಇದರಿಂದ ಡೋಪಮೈನಿನ ಮಾತು ಸುಳ್ಳಾಗಲಿಲ್ಲ. ರೋಗಿಗಳ ಮಿದುಳಿನ ಒಂದು ಭಾಗದಲ್ಲಿ ಅದರ ಉತ್ಪಾದನೆ ಹೆಚ್ಚಿರುವುದು ಚಿತ್ರಣ ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಅದು ಸರಪಳಿಯ ಕೊನೆಯ ಕೊಂಡಿಗಳಲ್ಲಿ ಒಂದು, ಮೊದಲನೆಯದಲ್ಲ. “ರಾಸಾಯನಿಕದ ಏರುಪೇರು” ಎಂಬ ಮಾತು ಅಲ್ಲಿಗೇ ನಿಂತುಬಿಡುತ್ತದೆ. ಏರುಪೇರು ಏಕಾಯಿತೆಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ವಂಶವಾಹಿಯ ಲೆಕ್ಕ

ಇನ್ನು ರಕ್ತದ ಮಾತು. ರೋಗವು ಕೆಲವು ಕುಟುಂಬಗಳಲ್ಲಿ ಹೆಚ್ಚಾಗಿ ಕಾಣುವುದು ನಿಜ. ಅದು ವಂಶದಿಂದ ಬಂದುದೋ, ಒಂದೇ ಮನೆಯ ವಾತಾವರಣದಿಂದ ಬಂದುದೋ ಎಂಬ ಸಂದೇಹಕ್ಕೆ 1966ರಲ್ಲಿ ಅಮೆರಿಕದ ಲಿಯೊನಾರ್ಡ್ ಹೆಸ್ಟನ್ ಒಂದು ಉತ್ತರವನ್ನು ಕೊಟ್ಟರು. ಈ ರೋಗವಿದ್ದ ತಾಯಂದಿರಿಗೆ ಹುಟ್ಟಿ, ಕೆಲವೇ ದಿನಗಳಲ್ಲಿ ಅವರಿಂದ ಬೇರ್ಪಟ್ಟು ಬೇರೆಡೆ ಬೆಳೆದ 47 ಮಕ್ಕಳಲ್ಲಿ 5 ಮಂದಿಗೆ ಮುಂದೆ ರೋಗ ಬಂದಿತ್ತು. ಹಾಗೆಯೇ ಬೇರೆಡೆ ಬೆಳೆದ, ರೋಗವಿಲ್ಲದ ತಾಯಂದಿರ 50 ಮಕ್ಕಳಲ್ಲಿ ಒಬ್ಬರಿಗೂ ಬಂದಿರಲಿಲ್ಲ. ತಾಯಿಯ ಸಾಕಣೆಯೇ ರೋಗಕ್ಕೆ ಮೂಲವೆಂಬ ವಾದ ಇದರಿಂದ ದುರ್ಬಲವಾಯಿತು. 1948ರಲ್ಲಿ ಫ್ರೀಡಾ ಫ್ರಾಮ್-ರೈಖ್‌ಮನ್ ಎಂಬ ಮನೋವೈದ್ಯೆಯು ‘ಸ್ಕಿಝೋಫ್ರೇನಿಯಾ ಹುಟ್ಟಿಸುವ ತಾಯಿ’ ಎಂಬ ಮಾತನ್ನು ಬಳಸಿದ್ದರು. ಆ ಒಂದು ಪದದಿಂದ ಕಣ್ಣೀರಿಟ್ಟ ತಾಯಂದಿರೆಷ್ಟೋ! ಅವರ ಮೇಲಿನ ಆರೋಪವನ್ನು ಇಳಿಸಿದ್ದು ಜೈವಿಕ ವಿವರಣೆಯ ದೊಡ್ಡ ಉಪಕಾರ. ಈ ಉಪಕಾರವನ್ನು ಮರೆತು ಆ ವಿವರಣೆಯನ್ನು ಟೀಕಿಸುವುದು ಕೃತಘ್ನತೆಯಾದೀತು.

ಆದರೆ ವಂಶವಾಹಿಯ ಲೆಕ್ಕವನ್ನು ಸರಿಯಾಗಿ ಓದಬೇಕು. ಡೆನ್ಮಾರ್ಕಿನ ಅವಳಿಗಳನ್ನು ಕುರಿತು 2018ರಲ್ಲಿ ಪ್ರಕಟವಾದ ಅಧ್ಯಯನವು ಈ ರೋಗದ ಆನುವಂಶಿಕತೆಯನ್ನು ಶೇಕಡಾ 79 ಎಂದು ಅಂದಾಜು ಮಾಡಿತು. ಇದನ್ನು ಓದಿದವರು, ರೋಗಿಯ ಮಕ್ಕಳಿಗೆ 100ಕ್ಕೆ 79ರಷ್ಟು ರೋಗ ಬಂದೇ ಬರುತ್ತದೆಂದು ತಿಳಿಯುವ ಭಯವಿದೆ. ಅದರ ಅರ್ಥ ಹಾಗಲ್ಲ. ಒಂದು ಜನಸಮುದಾಯದಲ್ಲಿ ವ್ಯಕ್ತಿ ವ್ಯಕ್ತಿಗಳ ನಡುವೆ ಇರುವ ವ್ಯತ್ಯಾಸದಲ್ಲಿ ವಂಶದ ಪಾಲೆಷ್ಟೆಂಬುದನ್ನು ಮಾತ್ರ ಆ ಸಂಖ್ಯೆ ಹೇಳುತ್ತದೆ. ಅದೇ ಅಧ್ಯಯನದಲ್ಲಿ, ವಂಶವಾಹಿಗಳೆಲ್ಲ ಒಂದೇ ಆಗಿರುವ ಏಕರೂಪಿ ಅವಳಿಗಳಲ್ಲಿ ಒಬ್ಬರಿಗೆ ರೋಗವಿದ್ದಾಗ ಇನ್ನೊಬ್ಬರಿಗೂ ಇದ್ದುದು 100ಕ್ಕೆ 33ರಷ್ಟು. ಹಿಂದಿನ ಹಲವು ಅಧ್ಯಯನಗಳಲ್ಲಿ ಇದು ಸುಮಾರು ಅರ್ಧದಷ್ಟಿತ್ತು. ರಕ್ತವೇ ವಿಧಿಯಾಗಿದ್ದರೆ ಅದು 100ಕ್ಕೆ 100 ಆಗಬೇಕಿತ್ತು.

ಸಾಮಾನ್ಯ ಜನರಲ್ಲಿ ಜೀವಮಾನದಲ್ಲಿ ಈ ರೋಗ ಬರುವ ಸಂಭವ 100ಕ್ಕೆ ಸುಮಾರು 1. ರೋಗಿಯ ಒಡಹುಟ್ಟಿದವರಲ್ಲಿ ಅದು 100ಕ್ಕೆ 9–10ರಷ್ಟೆಂದೂ, ಒಡಹುಟ್ಟಿದವರ ಮಕ್ಕಳಲ್ಲಿ 3–4ರಷ್ಟೆಂದೂ ಹಳೆಯ ಅಂದಾಜುಗಳಿವೆ. ಹಾಗೆಂದರೆ ಆ ಶ್ರಾವಕರ ಮಗಳಂಥ ನೂರು ತಂಗಿಯರಲ್ಲಿ ತೊಂಬತ್ತು ಮಂದಿಗೆ ರೋಗ ಬರುವುದಿಲ್ಲ. ಅಂಥವರಿಗೆ ಹುಟ್ಟುವ ನೂರು ಮಕ್ಕಳಲ್ಲಿ ತೊಂಬತ್ತಾರು ಮಕ್ಕಳಿಗೆ ಬರುವುದಿಲ್ಲ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಬಹುಪಾಲು ರೋಗಿಗಳ ತಂದೆತಾಯಿ, ಒಡಹುಟ್ಟಿದವರಲ್ಲಿ ಈ ರೋಗವೇ ಇರುವುದಿಲ್ಲ. 2022ರಲ್ಲಿ ಸುಮಾರು 77 ಸಾವಿರ ರೋಗಿಗಳನ್ನೂ 2 ಲಕ್ಷ 43 ಸಾವಿರಕ್ಕೂ ಹೆಚ್ಚು ಇತರರನ್ನೂ ಹೋಲಿಸಿ ನೋಡಿದ ಅಂತರರಾಷ್ಟ್ರೀಯ ಸಂಶೋಧನೆಯು, ರೋಗದೊಂದಿಗೆ ಸಂಬಂಧವಿರುವ 287 ತಾಣಗಳನ್ನು ವಂಶತಂತುವಿನಲ್ಲಿ ಗುರುತಿಸಿತು. ಬಹುತೇಕ ಒಂದೊಂದರ ಪ್ರಭಾವವೂ ಅತ್ಯಲ್ಪ, ಮತ್ತು ಅವುಗಳಲ್ಲಿ ಎಷ್ಟೋ ಆರೋಗ್ಯವಂತರಾದ ನಮ್ಮ ನಿಮ್ಮೆಲ್ಲರಲ್ಲೂ ಹಂಚಿಹೋಗಿವೆ. ವಂಶವಾಹಿಗಳನ್ನು ನೋಡಿ, ಇವನಿಗೆ ರೋಗ ಬರುತ್ತದೆ, ಇವನಿಗೆ ಬರುವುದಿಲ್ಲವೆಂದು ನುಡಿಯಬಲ್ಲ ಪರೀಕ್ಷೆ ಇಂದಿಗೂ ಇಲ್ಲ. ಹೀಗಿರುವಾಗ ‘ಶುದ್ಧ’ ಮನೆತನವನ್ನು ಹುಡುಕಿ ಹೊರಟವರ ಹುಡುಕಾಟಕ್ಕೆ ಜೀವಶಾಸ್ತ್ರದ ಬೆಂಬಲವೇ ಇಲ್ಲ. ವಿಜ್ಞಾನದ ಹೆಸರು ಹೇಳಿ ಸಂಬಂಧ ಮುರಿಯುವವರು ವಿಜ್ಞಾನವನ್ನು ಅರ್ಧ ಓದಿದವರು.

ಗರ್ಭದಿಂದ ಯೌವನದವರೆಗೆ

1976ರಲ್ಲಿ ಲಂಡನ್ನಿನ ಈವ್ ಜಾನ್‌ಸ್ಟನ್ ಮತ್ತು ಸಂಗಡಿಗರು ಸಿ.ಟಿ. ಯಂತ್ರದಿಂದ ಪರೀಕ್ಷಿಸಿ, ದೀರ್ಘಕಾಲದ ರೋಗಿಗಳ ಮಿದುಳಿನೊಳಗಿನ ಕುಹರಗಳು ಹಿಗ್ಗಿರುವುದನ್ನು ಕಂಡರು. ರೋಗವು ಯೌವನದಲ್ಲಿ ಪ್ರಕಟವಾದರೂ ಅದರ ಬೀಜ ಮಿದುಳು ಬೆಳೆಯುವ ಮೊದಲ ಹಂತಗಳಲ್ಲೇ ಬಿದ್ದಿರಬಹುದೆಂಬ ವಿಚಾರ 1980ರ ದಶಕದಲ್ಲಿ ಬೆಳೆಯಿತು. 1944–45ರ ಚಳಿಗಾಲದಲ್ಲಿ ನೆದರ್ಲೆಂಡಿನ ನಗರಗಳು ಕ್ಷಾಮಕ್ಕೆ ಸಿಕ್ಕಿದ್ದವು. ಆ ಹಸಿವಿನ ತೀವ್ರ ತಿಂಗಳುಗಳಲ್ಲಿ ಗರ್ಭದಲ್ಲಿ ಮೂಡಿದ ಮಕ್ಕಳಲ್ಲಿ ಮುಂದೆ ಈ ರೋಗದ ಪ್ರಮಾಣ ಸುಮಾರು ಇಮ್ಮಡಿಯಾಗಿತ್ತು. 1959–61ರ ಚೀನಾದ ಕ್ಷಾಮವೂ ಇದನ್ನೇ ಹೇಳಿತು. ಯೌವನಕ್ಕೆ ಕಾಲಿಡುವಾಗ ಮಿದುಳು ತನ್ನ ನರಸಂಧಿಗಳಲ್ಲಿ ಬೇಡವಾದವನ್ನು ತೆಗೆದುಹಾಕುತ್ತದೆ. ಆ ಸವರುವಿಕೆ ಮಿತಿಮೀರುವುದೂ ಒಂದು ಕಾರಣವಿರಬಹುದೆಂಬ ಊಹೆಗೆ 2016ರಲ್ಲಿ ವಂಶವಾಹಿಯ ಅಧ್ಯಯನವೊಂದರಿಂದ ಬಲ ಬಂದಿತು.

ಇಲ್ಲಿಯೂ ಎಚ್ಚರ ಅಗತ್ಯ. ‘ಗರ್ಭದಲ್ಲೇ ಆದ ದೋಷ’ವೆಂದೊಡನೆ ಬೆರಳು ಮತ್ತೆ ತಾಯಿಯ ಕಡೆಗೇ ತಿರುಗುತ್ತದೆ. ಕ್ಷಾಮದಲ್ಲಿ ಹಸಿದ ತಾಯಿ ಕ್ಷಾಮಕ್ಕೆ ಕಾರಣಳೇ? ಈ ಅಧ್ಯಯನ ಬೆರಳು ತೋರಿಸುವುದಾದರೆ ಆಹಾರವನ್ನು ತಡೆದವರ ಕಡೆಗೆ ತೋರಿಸಬೇಕು. ಸಮಾಜದ ಅನ್ಯಾಯ ಹೇಗೆ ಮಿದುಳಿನಲ್ಲಿ ಬರೆಯಲ್ಪಡುತ್ತದೆಂಬುದಕ್ಕೆ ಅದು ಸಾಕ್ಷಿ. ‘ಜೈವಿಕ’ ಮತ್ತು ‘ಸಾಮಾಜಿಕ’ ಎಂಬ ಗೋಡೆ ನಾವು ತಿಳಿದಷ್ಟು ಗಟ್ಟಿಯಲ್ಲ.

ನಯವೂ ನಯಾಭಾಸವೂ

ಒಂದು ವಸ್ತುವನ್ನು ಒಂದು ದೃಷ್ಟಿಯಿಂದ ನೋಡುವುದು ನಯ. ಆ ಒಂದೇ ದೃಷ್ಟಿಯು ಪೂರ್ಣಸತ್ಯವೆಂದು ಹಟಹಿಡಿದು ಉಳಿದವನ್ನು ಅಲ್ಲಗಳೆಯುವುದು ನಯಾಭಾಸ. ಈ ಭೇದವನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಸಿದ್ಧಸೇನ ದಿವಾಕರರು ‘ಸನ್ಮತಿ ತರ್ಕ’ದಲ್ಲಿ ಕಾಲ, ಸ್ವಭಾವ, ನಿಯತಿ, ಪೂರ್ವಕೃತ, ಪುರುಷಕಾರ ಎಂಬ ಐದು ಕಾರಣಗಳನ್ನು ಹೇಳಿ, ಯಾವುದೊಂದನ್ನೇ ಕಾರಣವೆಂದು ಹಿಡಿಯುವುದು ಮಿಥ್ಯಾತ್ವವೆಂದೂ ಕೂಡಿಸಿ ನೋಡುವುದು ಸಮ್ಯಕ್ತ್ವವೆಂದೂ ತಿಳಿಸಿದ್ದಾರೆ. ಆಧುನಿಕ ವಿಜ್ಞಾನವನ್ನು ನಮ್ಮ ಆಚಾರ್ಯರು ಮೊದಲೇ ಹೇಳಿದ್ದರೆಂದು ಬೀಗುವುದು ನನ್ನ ಉದ್ದೇಶವಲ್ಲ; ಅವರಿಗೆ ಡೋಪಮೈನ್ ಗೊತ್ತಿರಲಿಲ್ಲ. ಅವರು ಕಲಿಸಿದ ವಿವೇಚನೆಯ ಕ್ರಮ ಮಾತ್ರ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಡೋಪಮೈನ್ ಒಂದು ನಯ, ವಂಶವಾಹಿ ಒಂದು ನಯ, ಗರ್ಭಕಾಲದ ಹಸಿವು ಒಂದು ನಯ, ಮನೆಯ ವಾತಾವರಣ ಇನ್ನೊಂದು. “ಇದೆಲ್ಲ ಬರೀ ಜೀನ್” ಎಂದಾಗ ಅದು ನಯಾಭಾಸ.

ನಮ್ಮ ಸಮಾಜದಲ್ಲಿ ಇನ್ನೊಂದು ನಯಾಭಾಸವೂ ಇದೆ. ಅದನ್ನು ಹೇಳದಿದ್ದರೆ ಲೇಖನ ಪಕ್ಷಪಾತದ್ದಾಗುತ್ತದೆ. “ಅದು ಅವರ ಕರ್ಮ” ಎಂದು ಹೇಳಿ ಕೈತೊಳೆದುಕೊಳ್ಳುವವರು ಕರ್ಮಸಿದ್ಧಾಂತವನ್ನು ನೆರೆಮನೆಯ ಮೇಲೆ ಬರೆಯುವ ತೀರ್ಪನ್ನಾಗಿ ಮಾಡಿಕೊಂಡಿದ್ದಾರೆ. ಕರ್ಮವಿಚಾರ ಇರುವುದು ತನ್ನ ಆತ್ಮಪರೀಕ್ಷೆಗಾಗಿ. ಪರರ ರೋಗಕ್ಕೆ ಷರಾ ಬರೆಯುವುದು ಅದರ ಕೆಲಸವಲ್ಲ. 9ನೆಯ ಶತಮಾನದಲ್ಲಿ ರಾಷ್ಟ್ರಕೂಟರ ಕಾಲದ ಜೈನ ವೈದ್ಯ ಉಗ್ರಾದಿತ್ಯಾಚಾರ್ಯರು ಮಧು, ಮದ್ಯ, ಮಾಂಸಗಳಿಲ್ಲದ ಚಿಕಿತ್ಸೆಯನ್ನು ವಿಧಿಸಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ರಚಿಸಿದರು. ಕರ್ಮವನ್ನು ನಂಬಿದ್ದ ಆಚಾರ್ಯರಿಗೆ ಔಷಧ ಬೇಡವೆಂದು ತೋರಲಿಲ್ಲ. ನಮಗೇಕೆ ತೋರಬೇಕು?

ಕಳಂಕ ಕಳೆಯಿತೇ?

ರೋಗವು ಮಿದುಳಿನದೆಂದು ಜನ ತಿಳಿದರೆ ರೋಗಿಯನ್ನು ದೂರುವುದು ನಿಂತೀತೆಂಬ ಆಶೆ ಜೈವಿಕ ವಿವರಣೆಯ ಪ್ರಚಾರಕರಿಗಿತ್ತು. ಅಮೆರಿಕದಲ್ಲಿ 1996 ಮತ್ತು 2006ರಲ್ಲಿ ಜನಾಭಿಪ್ರಾಯವನ್ನು ಅಳೆದು ಹೋಲಿಸಿದಾಗ, ಆ ಹತ್ತು ವರ್ಷಗಳಲ್ಲಿ ಜೈವಿಕ ಕಾರಣವನ್ನು ಒಪ್ಪುವವರು ಹೆಚ್ಚಾಗಿದ್ದರು. ಚಿಕಿತ್ಸೆ ಬೇಕೆನ್ನುವವರೂ ಹೆಚ್ಚಾಗಿದ್ದರು. ಆದರೆ ರೋಗಿಯು ನೆರೆಯವನಾಗಿ, ಸಹೋದ್ಯೋಗಿಯಾಗಿ, ಬಂಧುವಾಗಿ ಬರುವುದು ಬೇಡವೆನ್ನುವವರು ಕಡಿಮೆಯಾಗಿರಲಿಲ್ಲ. ದೂರುವುದು ಕಡಿಮೆಯಾದರೂ ದೂರವಿಡುವುದು ಕಡಿಮೆಯಾಗಲಿಲ್ಲ. ‘ಅವನ ತಪ್ಪಲ್ಲ’ ಎನ್ನುವ ವಿವರಣೆಯೇ ‘ಅವನು ಹುಟ್ಟಿನಿಂದಲೇ ಬೇರೆ’ ಎಂಬ ಅರ್ಥವನ್ನೂ ಕೊಡಬಲ್ಲದು.

ಕಾನೂನು ಸಹ ಈ ತೊಡಕಿನಿಂದ ಹೊರತಾಗಿಲ್ಲ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ತಿದ್ದುಪಡಿಯಾದಾಗ, ವಿಚ್ಛೇದನದ ಆಧಾರವಾದ ಮಾನಸಿಕ ಅಸ್ವಸ್ಥತೆಯ ವಿವರಣೆಯಲ್ಲಿ ಸ್ಕಿಝೋಫ್ರೇನಿಯಾದ ಹೆಸರನ್ನೇ ಎತ್ತಿ ಬರೆಯಲಾಯಿತು. ರೋಗದ ಹೆಸರಿದ್ದ ಮಾತ್ರಕ್ಕೆ ವಿಚ್ಛೇದನ ಸಲ್ಲದು, ಜೊತೆಯಲ್ಲಿ ಬಾಳುವುದು ಅಸಾಧ್ಯವೆನ್ನುವಷ್ಟು ತೀವ್ರತೆ ಸಿದ್ಧವಾಗಬೇಕೆಂದು 1988ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಹೆಸರು ನೋಡಿ ಮನುಷ್ಯನನ್ನು ಅಳೆಯಬೇಡಿರೆಂಬುದೇ ಆ ತೀರ್ಪಿನ ಸಾರ.

ಕನ್ನಡಿಗರು ಈ ಪಾಠವನ್ನು ಇನ್ನೂ ಮೊದಲೇ ಕಂಡಿದ್ದರು. ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯಲ್ಲಿ, ಅದನ್ನಾಧರಿಸಿದ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿ, ಕಾವೇರಿಗೆ ಬಂದದ್ದು ಬಾಣಂತಿಯ ಮನೋರೋಗ, ಸ್ಕಿಝೋಫ್ರೇನಿಯಾ ಅಲ್ಲ. ಆದರೂ ಆಸ್ಪತ್ರೆಯಿಂದ ಗುಣವಾಗಿ ಬಂದವಳನ್ನು ಮತ್ತೆ ಕೆಡವಿದ್ದು ಮನೆಯವರ ಅನುಮಾನದ ದೃಷ್ಟಿ. ರೋಗದ ಮೂಲ ಬೇರೆ, ರೋಗ ಮರುಕಳಿಸುವುದರ ಮೂಲ ಬೇರೆ ಎಂಬ ಸೂಕ್ಷ್ಮವನ್ನು ಲೇಖಕಿ ಹಿಡಿದಿದ್ದರು. ಮನೆಯವರ ನಿರಂತರ ಟೀಕೆ, ಕಟುನುಡಿಗಳು ಸ್ಕಿಝೋಫ್ರೇನಿಯಾವನ್ನು ಮರುಕಳಿಸುವಂತೆ ಮಾಡುತ್ತವೆಂದು ಲಂಡನ್ನಿನಲ್ಲಿ 1970ರ ದಶಕದಲ್ಲಿ ಕಂಡುಬಂದಿತು. 1980ರ ದಶಕದಲ್ಲಿ ಚಂಡೀಗಢದಲ್ಲಿ ಅಧ್ಯಯನ ನಡೆಸಿದಾಗ ಇಲ್ಲಿನ ಕುಟುಂಬಗಳಲ್ಲಿ ಅಂಥ ಕಟುತನ ಕಡಿಮೆಯೆಂದು ತಿಳಿದುಬಂದಿತು. ನಮ್ಮ ಕೂಡುಕುಟುಂಬಗಳ ಸೈರಣೆಗೆ ಸಂದ ಈ ಮನ್ನಣೆಯನ್ನು ನಾವು ಉಳಿಸಿಕೊಳ್ಳಬೇಕಾಗಿದೆ.

ಆದರೆ ಸೈರಣೆಯೊಂದೇ ಸಾಲದು. ತೀರ್ಥಹಳ್ಳಿ ತಾಲ್ಲೂಕಿನ ರೋಗಿಗಳನ್ನು ಅವರ ಮನೆಗಳಲ್ಲೇ ಕಂಡು ನಿಮ್ಹಾನ್ಸ್‌ನ ವೈದ್ಯರು ನಡೆಸಿದ, 2009ರಲ್ಲಿ ಪ್ರಕಟವಾದ ಅಧ್ಯಯನವು, ಔಷಧ ಪಡೆದವರಿಗಿಂತ ಪಡೆಯದವರ ಅಸಾಮರ್ಥ್ಯ ಹೆಚ್ಚಾಗಿ ಉಳಿಯಿತೆಂದು ತೋರಿಸಿದೆ. ಜೈವಿಕ ವಿವರಣೆ ಅಪೂರ್ಣವೆಂದು ನಾನು ಬರೆದುದನ್ನು ಓದಿ ಯಾರೂ ಗುಳಿಗೆಯನ್ನು ಬಿಡಬಾರದು. ವಿವರಣೆ ಅಪೂರ್ಣವಾದರೂ ಔಷಧದ ಗುಣ ಕಣ್ಣಮುಂದಿದೆ.

ನಮ್ಮ ಹೊಣೆ

ಮೊದಲನೆಯದು ಸತ್ಯದ ಹೊಣೆ. ಮದುವೆಯ ಮಾತುಕತೆಯಲ್ಲಿ ರೋಗಿಯಾದ ವರನ ಅಥವಾ ವಧುವಿನ ಸ್ಥಿತಿಯನ್ನು ಮುಚ್ಚಿಡುವುದು ತಪ್ಪು. ಮುಚ್ಚಿಟ್ಟು ಮದುವೆ ಮಾಡಿದ ಮನೆಗಳಲ್ಲಿ ಗುಳಿಗೆಯನ್ನೂ ಮುಚ್ಚಿಡಬೇಕಾಗುತ್ತದೆ, ಮುಚ್ಚಿಟ್ಟ ಗುಳಿಗೆ ತಪ್ಪುತ್ತದೆ, ರೋಗ ಮರಳುತ್ತದೆ. “ಮದುವೆಯಾದರೆ ಸರಿಹೋಗುತ್ತದೆ” ಎಂಬುದು ಇಬ್ಬರ ಬಾಳನ್ನೂ ಕೆಡಿಸುವ ಮಾತು. ಆದರೆ ಸತ್ಯವು ಎರಡೂ ಕಡೆಯವರಿಗೆ ಸೇರಿದ್ದು. ಅಣ್ಣನ ರೋಗವನ್ನು ತಂಗಿಯ ಕಡೆಯವರು ಮರೆಮಾಚದೆ ಹೇಳಲಿ. ಕೇಳಿಸಿಕೊಂಡವರು ಮೇಲೆ ಕೊಟ್ಟ ಲೆಕ್ಕವನ್ನು ಅರಿತು, ವೈದ್ಯರನ್ನು ಕೇಳಿ ನಿರ್ಧರಿಸಲಿ. ನಿಜ ನುಡಿದವರಿಗೆ ಸಂಬಂಧ ಮುರಿಯುವುದೇ ಶಿಕ್ಷೆಯಾದರೆ, ಸಮಾಜವು ಎಲ್ಲರಿಗೂ ಸುಳ್ಳನ್ನೇ ಕಲಿಸಿದಂತಾಗುತ್ತದೆ.

ಎರಡನೆಯದು ವ್ರತ ಮತ್ತು ಔಷಧಗಳ ಹೊಂದಾಣಿಕೆ. ರಾತ್ರಿಭೋಜನ ತ್ಯಾಗದ ನಿಯಮವಿರುವವರು ರಾತ್ರಿಯ ಗುಳಿಗೆಯನ್ನು ಸದ್ದಿಲ್ಲದೆ ಬಿಡುವುದುಂಟು. ಪರ್ವದ ಉಪವಾಸಗಳಲ್ಲಿ ನಿಲ್ಲಿಸುವುದುಂಟು. ಪ್ರಾಣಿಜನ್ಯ ಜೆಲಟಿನ್ನಿನ ಕ್ಯಾಪ್ಸೂಲನ್ನು ಎಸೆಯುವುದುಂಟು. ಇದನ್ನು ವೈದ್ಯರಿಗೆ ನೇರವಾಗಿ ತಿಳಿಸಿದರೆ ಅನೇಕ ವೇಳೆ ಸೂರ್ಯಾಸ್ತಕ್ಕೆ ಮೊದಲು ತೆಗೆದುಕೊಳ್ಳುವಂತೆ ಹೊತ್ತನ್ನು ಬದಲಿಸಬಹುದು, ಕ್ಯಾಪ್ಸೂಲಿನ ಬದಲು ಗುಳಿಗೆ ಕೊಡಬಹುದು. ವ್ರತವನ್ನು ನೀಡುವ ಗುರುಗಳಿಗೂ ರೋಗದ ಸಂಗತಿ ಗೊತ್ತಿರಲಿ.

ಮೂರನೆಯದು ಬಸದಿಗಳ ಟ್ರಸ್ಟುಗಳ ಹೊಣೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳು ಕನ್ನಡ ನಾಡಿನ ಜೈನ ಶಾಸನಗಳಲ್ಲಿ ಮತ್ತೆ ಮತ್ತೆ ಕೊಂಡಾಡಲ್ಪಟ್ಟಿವೆ. ಇಂದು ಭೈಷಜ್ಯದಾನವೆಂದರೆ ಕಣ್ಣಿನ ಶಿಬಿರ, ರಕ್ತದಾನ ಶಿಬಿರಗಳಷ್ಟೇ ನೆನಪಾಗುತ್ತವೆ. ಪ್ರತಿ ತಿಂಗಳೂ ಹಳ್ಳಿಯಿಂದ ಧಾರವಾಡಕ್ಕೆ ಬಂದುಹೋಗುವ ರೋಗಿಯ ಬಸ್ಸಿನ ಖರ್ಚು, ಜೊತೆಗೆ ಬರುವವರ ಒಂದು ದಿನದ ಕೂಲಿ, ಮಧ್ಯಾಹ್ನದ ಊಟ ಇವು ದೊಡ್ಡ ಮೊತ್ತಗಳಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಚಿಕಿತ್ಸೆ ನಿಲ್ಲುವುದು ಇವುಗಳಿಂದಲೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವು, ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆ, ತಾಲ್ಲೂಕುಗಳಿಗೆ ಒಯ್ಯಬಹುದೆಂದು ತೋರಿಸಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರಲ್ಲಿ ಆರಂಭವಾದ ಸರಕಾರದ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದನ್ನು ಬಸದಿಯ ಫಲಕದ ಮೇಲೆ ಬರೆಸಲು ಹಣವೇ ಬೇಕಾಗಿಲ್ಲ. ರೋಗಿಯನ್ನು ಕಟ್ಟಿಹಾಕುವ ಸ್ಥಳಗಳಿಗೆ ಒಯ್ಯುವವರನ್ನು ತಡೆಯುವುದೂ ನಮ್ಮ ಹೊಣೆ. 2001ರಲ್ಲಿ ತಮಿಳುನಾಡಿನ ಏರವಾಡಿಯಲ್ಲಿ ಸರಪಳಿಯಲ್ಲಿದ್ದ 25ಕ್ಕೂ ಹೆಚ್ಚು ಮಂದಿ ರೋಗಿಗಳು ಬೆಂಕಿಗೆ ಆಹುತಿಯಾದರು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ ಸರಪಳಿಯನ್ನು ನಿಷೇಧಿಸಿದೆ.

ಸಮ್ಯಗ್ದರ್ಶನದ ಅಂಗಗಳಲ್ಲಿ ನಿರ್ವಿಚಿಕಿತ್ಸೆ ಒಂದು. ರೋಗಿಯಾದ ಮುನಿಯನ್ನು ಹೇಸದೆ ಉಪಚರಿಸಿದ ಉದ್ದಾಯನ ಮಹಾರಾಜನ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳುತ್ತೇವೆ. ವಾಂತಿಗೆ ಹೇಸದವನ ಕಥೆ ಹೇಳುವ ನಾವು, ಮನಸ್ಸು ಕದಡಿದವನ ಮನೆಯ ಹೊಸ್ತಿಲನ್ನು ತುಳಿಯಲು ಹಿಂಜರಿಯುತ್ತೇವಲ್ಲ!

ಅಂದು ಕಂಬದ ಮರೆಯಲ್ಲಿ ಆ ಹಿರಿಯರಿಗೆ ನಾನು ಇಷ್ಟೆಲ್ಲವನ್ನೂ ಹೇಳಲಿಲ್ಲ. ರೋಗಕ್ಕೆ ಕಾರಣಗಳು ಅನೇಕ, ಅವುಗಳಲ್ಲಿ ಕೆಲವು ಮಾತ್ರ ತಿಳಿದಿವೆ, ತಿಳಿದವುಗಳಲ್ಲಿ ಯಾವುದೂ ನಿಮ್ಮ ತಪ್ಪಲ್ಲ, ನಿಮ್ಮ ಮನೆಯವರ ತಪ್ಪಂತೂ ಅಲ್ಲವೇ ಅಲ್ಲ ಎಂದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ಈ ಮಾತು ಆಕೀ ಮುಂದ ಬಂದು ಹೇಳ್ರಿ ಮಾಸ್ತರ” ಎಂದರು. ಮರುದಿನ ಹೋಗಿ ಹೇಳಿದೆನು. ಮಗನೇ ನಮಗೆ ನೀರು ತಂದುಕೊಟ್ಟು, ತಾಯಿಯ ಪಕ್ಕದಲ್ಲಿ ಕುಳಿತು ಕೇಳಿದನು.